ಎರಡು ಫರ್ಲಾಂಗಿಗೆ ಒಂದು ಕಿವಿ

ಬಿಸಿಲಿಗೆ ಹರವಿದ ಒಣಮೆಣಸಿನಕಾಯಿಯ ಘಾಟಿಗೆ ಪೆಟ್ರೋಲಿನ ವಾಸನೆ ಬೆರೆತರೆ ಹೇಗಿರುತ್ತದೆಂದು ಬೇರೆ ಊರಿನವರಿಗೆ ಹೇಳಿ ತಿಳಿಸುವುದು ಕಷ್ಟ. ನನಗೆ ಐದೋ ಆರೋ ವರ್ಷವಿದ್ದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ವಿಮಾನದ ಬಯಲಿಗೆ ಕರೆದೊಯ್ದಿದ್ದರು. ಮೊದಲು ಮೂಗು ಉರಿಯಿತು, ಆಮೇಲೆ ಸೀನು ಬಂತು. ಸೀನಿ ಕಣ್ಣು ತೆರೆಯುವಷ್ಟರಲ್ಲಿ ಎರಡು ಕಾರುಗಳು ನಮ್ಮೆದುರಿನಿಂದ ಹಾದುಹೋಗಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಹಾಗೆ ನನ್ನ ಮೊದಲನೆಯ ಪಂದ್ಯವನ್ನು ನಾನು ನೋಡಲೇ ಇಲ್ಲ. ಆ ಬಾಕಿ ತೀರಲಿ ಎಂದೋ ಏನೋ, ಎಪ್ಪತ್ತೊಂದು ತುಂಬಿದ ಮೇಲೂ ಪ್ರತಿ ವರ್ಷ ಹೋಗುತ್ತಿದ್ದೇನೆ.

ವಿಮಾನದ ಬಯಲೆಂದರೆ ಯಾವುದೋ ಯುದ್ಧದ ಕಾಲಕ್ಕೆ ಊರಾಚೆ ಹಾಕಿದ ಉದ್ದನೆಯ ಕಾಂಕ್ರೀಟು ಪಟ್ಟಿ. ಯುದ್ಧ ಮುಗಿಯಿತು, ವಿಮಾನ ಒಂದೂ ಇಳಿಯಲಿಲ್ಲ. ವರ್ಷವೆಲ್ಲ ಅಲ್ಲಿ ಮೆಣಸಿನಕಾಯಿ ಒಣಗಿಸುತ್ತಾರೆ. ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ ಮಾತ್ರ ಎಲ್ಲ ಗುಡಿಸಿ ಬದಿಗೆ ಸರಿಸಿ ಹಳೆಯ ಕಾರುಗಳನ್ನು ಓಡಿಸುತ್ತಾರೆ. ಎರಡು ಕಾರು ಅಕ್ಕಪಕ್ಕ ನಿಂತು, ಬಾವುಟ ಬಿದ್ದೊಡನೆ ಹೊರಟು, ನೆಟ್ಟಗೆ ಎರಡು ಫರ್ಲಾಂಗು ಓಡಬೇಕು. ತಿರುವಿಲ್ಲ, ಸುತ್ತಿಲ್ಲ. ಅರ್ಧ ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಅದರ ಮಾತು ಮಾತ್ರ ಯುಗಾದಿಯವರೆಗೆ ನಡೆಯುತ್ತದೆ.

ಕಾರುಗಳು ಓಡುವುದು ಹುಟ್ಟುಡುಗೆ ವರ್ಗದಲ್ಲಿ. ಕಾರ್ಖಾನೆಯ ಬಾಗಿಲು ದಾಟಿದ ದಿನ ಕಾರು ಹೇಗಿತ್ತೋ ಇಂದಿಗೂ ಹಾಗೇ ಇರಬೇಕು. ಕಾರ್ಬುರೇಟರು ದೊಡ್ಡದು ಮಾಡುವಂತಿಲ್ಲ, ಅಗಲದ ಟೈರು ಹಾಕುವಂತಿಲ್ಲ, ಭಾರ ಇಳಿಸಲು ಹಿಂದಿನ ಸೀಟು ತೆಗೆಯುವಂತಿಲ್ಲ. ಸೀಟಿನೊಳಗಿನ ತೆಂಗಿನ ನಾರನ್ನು ಕೂಡ ಪರೀಕ್ಷಕರು ಬೆರಳು ಹಾಕಿ ನೋಡುತ್ತಾರೆ. ಇನ್ನೊಂದು ಕಟ್ಟಳೆಯೂ ಇದೆ. ಸತತ ಮೂರು ವರ್ಷ ಇಪ್ಪತ್ತನಾಲ್ಕು ಸೆಕೆಂಡಿನೊಳಗೆ ಗೆರೆ ಮುಟ್ಟದ ಕಾರನ್ನು ಪುರಸಭೆಯ ಪಾರ್ಕಿಗೆ ಒಪ್ಪಿಸಬೇಕು. ಅಲ್ಲಿ ಎಂಜಿನ್ ಇಳಿಸಿ, ಒಳಗೆ ಮಣ್ಣು ತುಂಬಿ ಗಿಡ ನೆಡುತ್ತಾರೆ. ಪಾರ್ಕಿನಲ್ಲಿ ಈಗ ಅಂಥವು ಏಳಿವೆ. ಸೇವಂತಿಗೆ, ಕನಕಾಂಬರ ಸೊಗಸಾಗಿ ಬಿಡುತ್ತವೆ, ಇಲ್ಲವೆನ್ನಲಾರೆ. ಆದರೆ ಅವುಗಳ ಮಾಲೀಕರು ಪಾರ್ಕಿನ ಆ ಬದಿಯ ಬೆಂಚುಗಳಲ್ಲಿ ಕೂರುವುದಿಲ್ಲ.

ಇನ್ನು ನಮ್ಮೂರಿನ ಸಂಗತಿ. ಇಲ್ಲಿ ಯಾರಿಗೂ ತಮ್ಮ ಮನೆಯ ವಸ್ತುವಿನ ಸದ್ದು ಕೇಳಿಸುವುದಿಲ್ಲ. ಆಡಿದ ಮಾತು ಕೇಳುತ್ತದೆ, ಹಾಡಿದ ಹಾಡು ಕೇಳುತ್ತದೆ. ಆದರೆ ನನ್ನ ಮನೆಯ ಕುಕ್ಕರು ನನ್ನ ಪಾಲಿಗೆ ಮೂಕ. ನನ್ನ ಗೇಟು ನನಗೆ ಕಿರುಗುಟ್ಟುವುದಿಲ್ಲ, ನನ್ನ ಗಡಿಯಾರ ನನಗೆ ಹೊಡೆಯುವುದಿಲ್ಲ. ಅದಕ್ಕೇ ನಮ್ಮ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದರೆ ಗೋಡೆಯಾಚೆಯಿಂದ ಗೋಡೆಯೀಚೆಗೆ ಕೂಗುಗಳು ಹಾರಾಡುತ್ತಿರುತ್ತವೆ. "ಶಾರದಮ್ಮಾ, ನಿಮ್ಮ ಕುಕ್ಕರು ಮೂರು ಕೂಗಿತು!" "ರೀ, ನಿಮ್ಮ ನಲ್ಲಿ ತೊಟ್ಟಿಕ್ತಾ ಇದೆ!" "ನಿಮ್ಮ ಫೋನು ಬಡ್ಕೋತಾ ಇದೆ ಕಣಯ್ಯಾ!" ಜಗಳವಾಡಿ ಮಾತು ಬಿಟ್ಟವರು ಕೂಡ ಪಕ್ಕದ ಮನೆಯ ಕುಕ್ಕರನ್ನು ಲೆಕ್ಕ ಹಾಕಿ, ಮುಖ ಅತ್ತ ತಿರುಗಿಸಿಕೊಂಡೇ ಬೆರಳೆತ್ತಿ ತೋರಿಸುವುದನ್ನು ನಾನು ಕಂಡಿದ್ದೇನೆ. ಹೊಸ ಸೊಸೆಗೆ ಅತ್ತೆಮನೆಯ ಸದ್ದುಗಳೆಲ್ಲ ಮೊದಮೊದಲು ಕೇಳುತ್ತವೆ. ಆರು ತಿಂಗಳಿಗೋ ಎರಡು ವರ್ಷಕ್ಕೋ ಒಂದು ದಿನ ಆ ಮನೆಯ ಮಿಕ್ಸಿ ಅವಳಿಗೆ ಕೇಳದೆ ಹೋಗುತ್ತದೆ. ಅಂದು ಹೋಳಿಗೆ ಮಾಡಿ ಹಂಚುತ್ತಾರೆ.

ಕಾರು ಓಡಿಸುವವರ ಪಾಡು ಇದರಿಂದಲೇ ಊಹಿಸಬಹುದು. ಹಳೆಯ ಕಾರಿನಲ್ಲಿ ಗೇರು ಬದಲಿಸಬೇಕಾದ ಗಳಿಗೆಯನ್ನು ಹೇಳುವುದು ಎಂಜಿನ್ನಿನ ದನಿ. ಆ ದನಿ ಚಾಲಕರಿಗೆ ಕೇಳದು. ಹಾಗಾಗಿ ಪ್ರತಿ ಕಾರಿನಲ್ಲೂ ಚಾಲಕರ ಪಕ್ಕದಲ್ಲಿ ಬೇರೆ ಮನೆಯವರೊಬ್ಬರು ಕೂರುತ್ತಾರೆ. ಅವರನ್ನು ಕಿವಿ ಎನ್ನುತ್ತೇವೆ. ಗಳಿಗೆ ಬಂದಾಗ ಕಿವಿ ಚಾಲಕರ ಭುಜ ತಟ್ಟಬೇಕು. ತುಸು ಮೊದಲು ತಟ್ಟಿದರೆ ಕಾರು ಮಂಕಾಗುತ್ತದೆ, ತುಸು ತಡವಾದರೆ ಎಂಜಿನ್ ಬರಿದೇ ಚೀರುತ್ತದೆ. ಎರಡರಲ್ಲೂ ಒಂದು ಸೆಕೆಂಡು ಹೋಯಿತೆಂದೇ ತಿಳಿಯಿರಿ.

ನಾನು ಜುಲೇಖಾಳ ಕಿವಿ. ಮಹಿಳಾ ಕಾಲೇಜಿನಲ್ಲಿ ಮೂವತ್ತೈದು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನನಗೆ ಬಂದ ಎರಡನೆಯ ಉದ್ಯೋಗ ಇದು. ಜುಲೇಖಾ ಹೈಸ್ಕೂಲಿನ ಡ್ರಿಲ್ ಟೀಚರಾಗಿದ್ದವಳು. ಊರಿನ ಅರ್ಧ ಜನ ಅವಳ ಸೀಟಿ ಕೇಳಿ ಓಡಿದವರು. ಆ ಸೀಟಿಯ ಸದ್ದನ್ನು ಅವಳೊಬ್ಬಳೇ ಕೇಳಿಲ್ಲ. ಎಂಟು ವರ್ಷದ ಹಿಂದೆ ನನ್ನ ಪಕ್ಕದ ಮನೆಗೆ ಬಂದಳು. ಸಾಮಾನಿನ ಲಾರಿಯ ಹಿಂದೆ ಒಂದು ಮಯೂರ ಕಾರನ್ನು ಹಗ್ಗ ಕಟ್ಟಿ ಎಳೆದು ತಂದಿದ್ದಳು. ನೀರು ಹೆಚ್ಚಾದ ಚಹಾದ ಬಣ್ಣ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ, ಮೂರೇ ಗೇರು. ಅವಳ ಅಬ್ಬಾ ಓಡಿಸಿದ್ದು, ಅವಳು ಕಲಿತದ್ದು ಅದರಲ್ಲೇ. ಬಂದ ಮೂರನೆಯ ದಿನ ಗೋಡೆಯ ಮೇಲೆ ಗಲ್ಲವಿಟ್ಟು ಕೇಳಿದಳು. "ಅಂಬುಜಕ್ಕಾ, ನಿಮಗೆ ಹಾಡು ಬರುತ್ತಾ?"

"ಕೇಳೋಕೆ ಬರುತ್ತೆ" ಎಂದೆ.

"ಅಷ್ಟು ಸಾಕು ಬನ್ನಿ" ಎಂದು ಕಾರಿನ ಬಾಗಿಲು ತೆರೆದಳು.

ಆ ಕಾರಿನ ದನಿ ಮೊದಲು ಗೊಣಗುತ್ತದೆ, ಆಮೇಲೆ ಗುನುಗುತ್ತದೆ, ಆಮೇಲೆ ಹಾಡುತ್ತದೆ. ಹಾಡು ಹಟಕ್ಕೆ ತಿರುಗುವ ಅರೆಗಳಿಗೆ ಮುಂಚೆ ನಾನು ತಟ್ಟಬೇಕು. ಐದು ವರ್ಷ ಚೆನ್ನಾಗಿ ತಟ್ಟಿದೆ. ಆರನೆಯ ವರ್ಷ ಒಂದು ಮೇಕೆ ಅಡ್ಡ ಬಂದು ಇಪ್ಪತ್ತನಾಲ್ಕು ದಾಟಿತು. ಏಳನೆಯ ವರ್ಷ ತಟ್ಟುವ ಗಳಿಗೆಗೆ ಸರಿಯಾಗಿ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದು ನಾನು ಸೀನಿಬಿಟ್ಟೆ. ಅಂದು ಜುಲೇಖಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ ಗೋಡೆಯ ಮೇಲೆ ಒಂದು ಲೋಟ ಶುಂಠಿ ಕಷಾಯ ಇಟ್ಟಿದ್ದಳು, ಅಷ್ಟೇ. ಹೀಗೆ ಎರಡು ವರ್ಷ ತಪ್ಪಿತು. ಈ ಸಲವೂ ತಪ್ಪಿದರೆ ಅಬ್ಬಾನ ಮಯೂರಕ್ಕೆ ಮಣ್ಣು.

ಪಂದ್ಯಕ್ಕೆ ಒಂದು ತಿಂಗಳಿದೆ ಎನ್ನುವಾಗ ನನ್ನ ಕಿವಿ ಕೈಕೊಡತೊಡಗಿತು. ಅಭ್ಯಾಸಕ್ಕೆ ಹೋದ ದಿನ ಕಾರಿನ ದನಿ ಹತ್ತಿಯೊಳಗಿಂದ ಬಂದಂತೆ ಕೇಳಿತು. ಮುಂದಿನ ವಾರ ಪಕ್ಕದ ಕೋಣೆಯಲ್ಲಿ ಯಾರೋ ಗುನುಗಿದಷ್ಟು. ಅದರ ಮುಂದಿನ ವಾರ ಏನೂ ಇಲ್ಲ. ಸೀಟು ನಡುಗುತ್ತಿತ್ತು, ಕಿಟಕಿಯಾಚೆ ಬಯಲು ಓಡುತ್ತಿತ್ತು, ನಾನು ಮಾತ್ರ ನೀರಿನಲ್ಲಿ ಮುಳುಗಿ ಕೂತಂತಿದ್ದೆ. ಮನಸ್ಸಿನಲ್ಲೇ ಒಂದು ಎರಡು ಮೂರು ಎಂದು ಎಣಿಸಿ ಅಂದಾಜಿನ ಮೇಲೆ ತಟ್ಟಿದೆ. ಜುಲೇಖಾ ಗಡಿಯಾರ ನೋಡಿದಳು. ಇಪ್ಪತ್ತೈದು ಸೆಕೆಂಡು. "ಪೆಟ್ರೋಲು ಸರಿಯಿಲ್ಲ ಬಿಡಿ" ಎಂದಳು.

ಹೇಳಬೇಕಿತ್ತು, ಹೇಳಲಿಲ್ಲ. ಕಾಗೆ ಕೂಗುವುದು ಕೇಳುತ್ತಿತ್ತು, ಊರಿನ ಎಣ್ಣೆಗಿರಣಿಯ ಸದ್ದು ಅರ್ಧ ಮೈಲಿಯಿಂದ ಕೇಳುತ್ತಿತ್ತು. ಆದರೂ ನನಗೆ ಕಿವುಡು ಶುರುವಾಗಿದೆ ಎಂದೇ ನಂಬಿದೆ. ವಯಸ್ಸಾದಾಗ ಮೊದಲು ಹೋಗುವುದು ದಪ್ಪ ದನಿಗಳು ಎಂದು ಎಲ್ಲೋ ಓದಿದ ನೆನಪು. ಆಮೇಲೆ ಪುಸ್ತಕ ತೆಗೆದು ನೋಡಿದರೆ ಅದರಲ್ಲಿ ಬರೆದದ್ದು ಅದಕ್ಕೆ ತದ್ವಿರುದ್ಧವಾಗಿತ್ತು. ಹೆದರಿದವರ ನೆನಪು ಹಾಗೇ, ಬೇಕಾದದ್ದನ್ನು ಬೇಕಾದಂತೆ ಓದಿಕೊಳ್ಳುತ್ತದೆ. ಸಾಲದ್ದಕ್ಕೆ ಆ ದಿನಗಳಲ್ಲಿ ನನ್ನ ಮನೆಯ ಬೇಳೆಯೂ ಬೇಯುತ್ತಿರಲಿಲ್ಲ. ಜುಲೇಖಾ ಗೋಡೆಯಾಚೆಯಿಂದ "ಮೂರಾಯ್ತು ಅಕ್ಕಾ!" ಎಂದು ಕೂಗುತ್ತಿದ್ದಳು. ಇಳಿಸಿ ನೋಡಿದರೆ ಬೇಳೆ ಕಲ್ಲು. ಅಂಗಡಿಯವನು ಹಳೆಯ ಬೇಳೆ ಕೊಟ್ಟಿದ್ದಾನೆಂದು ಅವನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಪಂದ್ಯದ ದಿನ ಬಯಲು ತುಂಬಿತ್ತು. ಗುಡಿಸಿದ ಮೆಣಸಿನಕಾಯಿ ಎರಡೂ ಬದಿಗೆ ಕೆಂಪು ಬದುವಿನಂತೆ ಬಿದ್ದಿತ್ತು. ಸೀನಿದವರಿಗೆಲ್ಲ ಪಕ್ಕದವರು ತಮ್ಮ ಟವೆಲ್ ಕೊಡುತ್ತಿದ್ದರು. ಚೀಟಿ ಎತ್ತಿದಾಗ ನಮಗೆ ಜೊತೆಯಾಗಿ ಬಂದದ್ದು ಹಾಲಪ್ಪನ ಸಾರಂಗ, ಒಂಬತ್ತು ವರ್ಷದಿಂದ ಯಾರಿಗೂ ಸೋಲದ ಹಸಿರು ಕಾರು. ಹಾಲಪ್ಪ ಎಣ್ಣೆಗಿರಣಿಯ ಮಾಲೀಕ, ಎಣ್ಣೆ ಹಚ್ಚಿದ ಮೀಸೆಯ ಭಾರಿ ಆಳು. ಅವನ ಕಿವಿ ಮೋನಪ್ಪ, ಹಾರ್ಮೋನಿಯಂ ರಿಪೇರಿ ಮಾಡುವವನು, ಕಡ್ಡಿಯಂತಿದ್ದಾನೆ. ಇಬ್ಬರೂ ಕಾರಿನೊಳಗೆ ಕೂತರೆ ಕಾರು ಬಲಕ್ಕೆ ವಾಲುತ್ತದೆ.

ಗೆರೆಯ ಹತ್ತಿರ ಬಂದು ನಿಂತೊಡನೆ ಹಾಲಪ್ಪ ಶುರುಮಾಡಿದ. "ಏನ್ ಟೀಚರಮ್ಮಾ, ಈ ಸಲ ಗುಲಾಬಿ ನೆಡಿಸ್ತೀರೋ ದಾಸವಾಳವೋ? ಮೊದಲೇ ಹೇಳಿಬಿಡಿ, ನಮ್ಮ ಗಿರಣಿ ಹಿಂಡಿ ಒಳ್ಳೇ ಗೊಬ್ಬರ, ಕಳಿಸ್ತೀನಿ."

"ಆ ಹಿಂಡಿ ನಿನ್ನ ಕಾರಿಗೇ ತಿನ್ನಿಸು ಹಾಲಪ್ಪಾ" ಎಂದಳು ಜುಲೇಖಾ. "ಏಳನೇ ಕ್ಲಾಸಲ್ಲಿ ಓಡು ಅಂದ್ರೆ ಹೊಟ್ಟೆನೋವು ಅಂತಿದ್ದೆ. ಈಗ ಕಾರಲ್ಲಿ ಕೂತ್ಕೊಂಡು ಓಡ್ತೀಯ, ನಾಚಿಕೆ ಇಲ್ದೋನು."

ಮೋನಪ್ಪ ಕಿಸಕ್ಕನೆ ನಕ್ಕ. ಹಾಲಪ್ಪನೂ ನಕ್ಕ. ಬಾವುಟದ ದೊರೆಸ್ವಾಮಿ ಕನ್ನಡಕ ಒರೆಸಿಕೊಂಡು ಮುಂದೆ ಬಂದರು. ಮೂವತ್ತು ವರ್ಷದಿಂದ ಬಾವುಟ ಹಿಡಿದವರು, ಕಟ್ಟಳೆಯ ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುವವರು. ಜುಲೇಖಾ ಕಾರು ಚಾಲು ಮಾಡಿದಳು. ಕಾಲ ಕೆಳಗೆ ನಡುಕ ಹತ್ತಿತು. ನಾನು ಉಸಿರು ಹಿಡಿದು ಕೇಳಿದೆ. ಪಕ್ಕದ ಸಾರಂಗ ಗುಡುಗುತ್ತಿತ್ತು. ನಮ್ಮದು ಇರಲೇ ಇಲ್ಲ.

ಅವಳ ಕೈ ಗೇರಿನ ಕಡ್ಡಿಯ ಮೇಲಿತ್ತು. ಬೆರಳುಗಳು ಬಿಗಿಯಾಗಿದ್ದವು. ಆ ಬೆರಳು ನೋಡಿದ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

"ಜುಲೇಖಾ, ನನಗೆ ಕೇಳಿಸ್ತಾ ಇಲ್ಲ."

"ಏನು ಕೇಳಿಸ್ತಿಲ್ಲ?"

"ಕಾರು. ಎರಡು ವಾರ ಆಯ್ತು. ಎಣಿಸಿ ಎಣಿಸಿ ತಟ್ಟುತ್ತಿದ್ದೆ. ಕಿವುಡಾಗಿದೀನಿ ಕಣೇ. ಬೇರೆ ಯಾರನ್ನಾದರೂ ಕೂರಿಸ್ಕೋ."

ಅವಳು ಎಂಜಿನ್ ನಿಲ್ಲಿಸಿದಳು. ನಡುಕ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದೂ ಅಂದುಕೊಂಡೆ. ಅವಳು ನನ್ನ ಮುಖ ನೋಡದೆ ಸ್ಟಿಯರಿಂಗನ್ನೇ ನೋಡುತ್ತ ಕೇಳಿದಳು. "ಅಕ್ಕಾ, ನಿಮ್ಮ ಮನೆ ಬೇಳೆ ಬೇಯ್ತಾ ಇದೆಯಾ?"

"ಇಲ್ಲ. ಯಾಕೆ?"

"ನಿಮ್ಮ ಕುಕ್ಕರು ನನಗೆ ಕೇಳಿಸಿ ಎರಡು ತಿಂಗಳಾಯ್ತು. ಗಡಿಯಾರ ನೋಡಿ ಅಂದಾಜಿಗೆ ಕೂಗ್ತಾ ಇದ್ದೆ. ಕಿವಿ ಹೋಯ್ತು ಅಂದರೆ ನೀವು ಬೇರೆಯವರ ಹತ್ತಿರ ಎಣಿಸಿಕೋತೀರೇನೋ ಅಂತ ಹೇಳಲಿಲ್ಲ."

 ನಮ್ಮ ಬಲಗಡೆಗೇ ನಿಂತಿದ್ದ ಸಾರಂಗದ ಕಿಟಕಿಯಿಂದ ಮೋನಪ್ಪ ಕತ್ತು ಹೊರಗೆ ಹಾಕಿ ಎಲ್ಲ ಕೇಳಿಸಿಕೊಂಡಿದ್ದ.

"ಅಂಬುಜಮ್ಮಾರೇ" ಎಂದ, "ಹಾಲಪ್ಪನ ಕಾರು ಕೇಳ್ತಾ ಇದೆಯಾ ನಿಮಗೆ?"

"ಚೆನ್ನಾಗಿ ಕೇಳುತ್ತೆ."

"ಟೀಚರಮ್ಮಾ, ನಿಮಗೆ?"

"ತಲೆ ಸಿಡಿಯೋ ಹಂಗೆ ಕೇಳ್ತಿದೆ."

"ಮತ್ತೆ ಇನ್ನೇನ್ರೀ! ಕಾಲೇಜು ಮೇಡಂ ಅಂತೆ, ಹೈಸ್ಕೂಲ್ ಟೀಚರಂತೆ, ಇಷ್ಟೂ ತಿಳೀಲಿಲ್ವಾ? ನಮ್ಮ ಸೊಸೆಗೆ ಹಿಂಗೇ ಆದ ದಿನ ಬೀದಿಗೆಲ್ಲ ಹೋಳಿಗೆ ಹಂಚಿದ್ವಿ."

 ನಮ್ಮಿಬ್ಬರ ನಡುವೆ ಗೋಡೆ ಇತ್ತು, ಎರಡು ಒಲೆ, ಎರಡು ಬೀಗ, ಎರಡು ಪಂಚಾಂಗ. ಮದುವೆಯಿಲ್ಲದೆ, ರಕ್ತವಿಲ್ಲದೆ ಹೀಗಾಗುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ. ನಾನು ಮೂವತ್ತೈದು ವರ್ಷ ಹುಡುಗಿಯರಿಗೆ ಕಸಿ ಕಟ್ಟುವುದನ್ನು ಕಲಿಸಿದವಳು. ಎರಡು ಬೇರೆ ಬೇರೆ ಗಿಡಗಳು ಬಟ್ಟೆ ಸುತ್ತಿದ ಜಾಗದಲ್ಲಿ ಸದ್ದಿಲ್ಲದೆ ಒಂದಾಗುತ್ತವೆ ಎಂದು ಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಜುಲೇಖಾ ಸೆರಗಿನಿಂದ ಕಣ್ಣೊರೆಸಿಕೊಂಡು "ಯಾ ಅಲ್ಲಾ, ಎರಡು ತಿಂಗಳು ನಿಮಗೆ ಹಸಿಬೇಳೆ ತಿನ್ನಿಸಿದೆನಲ್ಲಾ" ಎಂದಳು. ನನಗೆ ನಗು ಬಂತು. ಅವಳಿಗೂ ಬಂತು. ಕಾರು ಅಲುಗಾಡುವಷ್ಟು ನಕ್ಕೆವು.

ನಗು ಮುಗಿದ ಮೇಲೆ ಹೊಳೆಯಿತು, ಈಗ ಮಯೂರಕ್ಕೆ ಕಿವಿಯಿಲ್ಲ. ಎಂದೂ ಆ ಕಾರಿನ ದನಿಯನ್ನು ಗಮನಿಸಿ ಕೇಳದವರನ್ನು ತಂದು ಕೂರಿಸಿದರೆ ಅವರಿಗೆ ಅದರ ಹಾಡೂ ತಿಳಿಯದು, ಹಟವೂ ತಿಳಿಯದು. ದೊರೆಸ್ವಾಮಿ ಪುಸ್ತಕ ತಿರುವಿದರು. "ಸರದಿ ತಪ್ಪಿಸಿದರೆ ಓಡಲಿಲ್ಲ ಅಂತಲೇ ಬರೀಬೇಕಮ್ಮ. ಐದು ನಿಮಿಷ ಕೊಡ್ತೀನಿ. ನಾಲ್ಕೇ ಅಂತಿದೆ, ನನ್ನ ಗಡಿಯಾರ ನಿಧಾನ ಅಂದ್ಕೊಳ್ಳಿ."

ಜುಲೇಖಾಳ ನಗು ಆರಿಹೋಯಿತು. ಅವಳು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟಳು, ಜ್ವರ ಬಂದ ಮಗುವಿನ ಹಣೆಯ ಮೇಲೆ ಇಡುವಂತೆ.

ಹಾಲಪ್ಪ ಮೀಸೆ ತೀಡುತ್ತಿದ್ದವನು ಕೈ ನಿಲ್ಲಿಸಿದ. "ಮೋನಾ, ಈ ಚಹಾಬಣ್ಣದ ಗಾಡಿ ದಿನಾ ನಿನ್ನ ಅಂಗಡಿ ಮುಂದೆ ಹೋಗುತ್ತಲ್ಲ. ಇದರ ಶ್ರುತಿ ಗೊತ್ತಾ ನಿನಗೆ?"

"ಗೊತ್ತಿಲ್ದೆ ಏನು. ಹಾರ್ಮೋನಿಯಂ ಮೇಲೆ ಕಪ್ಪು ಎರಡರಿಂದ ಏರುತ್ತೆ, ಬಿಳಿ ಐದು ದಾಟಬಾರದು."

"ಹಂಗಾದರೆ ಎರಡು ಗಾಡಿಗೂ ನೀನೇ ಕೇಳು. ನನಗೆ ಬಲಗೈಲಿ ತಟ್ಟು. ಅವರಿಗೆ ಎಡಗೈ ಕಿಟಕಿಯಿಂದ ಹೊರಗೆ ಹಾಕಿ ಟವೆಲ್ ಬೀಸು." ಆಮೇಲೆ ದೊರೆಸ್ವಾಮಿಯವರ ಕಡೆ ತಿರುಗಿದ. "ಏನ್ ಸ್ವಾಮಿ, ಒಂದು ಕಿವಿ ಎರಡು ಕಾರಿಗೆ ಕೇಳಬಾರದು ಅಂತ ಇದೆಯಾ ಪುಸ್ತಕದಲ್ಲಿ?"

ದೊರೆಸ್ವಾಮಿ ಹಾಳೆ ತಿರುವಿದಂತೆ ಮಾಡಿದರು. "ಇಲ್ಲ. ಯಾರಿಗೂ ಅಷ್ಟು ದೂರ ತಲೆ ಓಡಿಲ್ಲ."

"ಹಾಲಪ್ಪಾ, ನೀನು ಸೋತರೆ?" ಎಂದಳು ಜುಲೇಖಾ.

"ನಿಮ್ಮ ಡಬ್ಬಾ ಗಾಡಿಗೆ ನಾನು ಸೋಲೋದಾ? ಇಪ್ಪತ್ತನಾಲ್ಕರೊಳಗೆ ಬಂದು ನನ್ನ ಧೂಳು ಕುಡೀರಿ, ಸಾಕು. ನನ್ನನ್ನ ಹಿಂದೆ ಹಾಕೋಕೆ ಹೋಗಬೇಡಿ, ಟವೆಲ್ ಕಾಣಲ್ಲ."

ಜುಲೇಖಾ ನೇರ ರಸ್ತೆ ನೋಡಬೇಕು, ಬಲಕ್ಕೆ ತಿರುಗುವಂತಿಲ್ಲ. ಆದ್ದರಿಂದ ನಾನು ಎಡಗಡೆಯ ಸೀಟಿನಲ್ಲೇ ಕೂತು ಅವಳ ಮೂಗಿನ ಮುಂದಿನಿಂದ ಆಚೆಯ ಕಿಟಕಿಯನ್ನು ನೋಡುತ್ತ, ಟವೆಲ್ ಕಂಡೊಡನೆ ಭುಜ ತಟ್ಟುವುದೆಂದು ತೀರ್ಮಾನವಾಯಿತು. ಕಿವಿಯ ಕೆಲಸ ಹೋಗಿ ಕಣ್ಣಿನ ಕೆಲಸ ಸಿಕ್ಕಿತು.

ಬಾವುಟ ಬಿತ್ತು. ಬೆನ್ನು ಸೀಟಿಗೆ ಒತ್ತಿತು. ನಮ್ಮ ಕಾರು ಹಕ್ಕಿಯ ನೆರಳಿನಂತೆ ನಿಶ್ಶಬ್ದವಾಗಿ ಓಡುತ್ತಿತ್ತು, ಪಕ್ಕದಲ್ಲಿ ಸಾರಂಗ ಮೊರೆಯುತ್ತಿತ್ತು. ಮೋನಪ್ಪ ಕಣ್ಣು ಮುಚ್ಚಿಕೊಂಡು ಕತ್ತನ್ನು ನಮ್ಮ ಕಡೆಗೆ ಹೊರಚಾಚಿದ್ದ. ಅವನ ಕೆಂಪು ಚೌಕಳಿಯ ಟವೆಲ್ ಗಾಳಿಗೆ ನೆಟ್ಟಗಾಗಿತ್ತು. ಅವನ ಬಲಗೈ ಹಾಲಪ್ಪನ ಭುಜಕ್ಕೆ ಬಿತ್ತು, ಮರುಗಳಿಗೆ ಟವೆಲ್ ಬೀಸಿತು. ನಾನು ತಟ್ಟಿದೆ. ಜುಲೇಖಾ ಎರಡನೆಯ ಗೇರಿಗೆ ಹಾಕಿದಳು. ಎಷ್ಟು ಮೆತ್ತಗೆ ಬಿತ್ತೆಂದರೆ ಬೆಣ್ಣೆಯಲ್ಲಿ ಚಮಚ ಹೊರಳಿಸಿದಂತೆ. ಮೆಣಸಿನಕಾಯಿಯ ಬದುಗಳು ಎರಡು ಕೆಂಪು ಗೆರೆಗಳಾದವು. ಸಾರಂಗದ ಮೂತಿ ನಮಗಿಂತ ಒಂದು ಮೊಳ ಮುಂದಿತ್ತು. ಮೋನಪ್ಪನ ಮುಖ ನೋಡಿದೆ. ಹಾರ್ಮೋನಿಯಂನ ಒಂದು ಮೊಂಡು ಸ್ವರ ಸರಿಯಾಗುವ ಗಳಿಗೆಯಲ್ಲಿ ಇರಬಹುದಾದ ಮುಖ. ತುಟಿ ಗುನುಗುತ್ತಿತ್ತು. ಪೂರ್ತಿ ನಮ್ಮ ಕಾರಿನೊಳಗೆ ಇಳಿದುಬಿಟ್ಟಿದ್ದ. ಟವೆಲ್ ಮೇಲೆದ್ದು ಬೀಸಿತು. ತಟ್ಟಿದೆ. ಮೂರನೆಯ ಗೇರು.

ಅವನ ಬಲಗೈ ಮಾತ್ರ ಮಡಿಲಲ್ಲೇ ಇತ್ತು.

ಸಾರಂಗ ಎರಡನೆಯ ಗೇರಿನಲ್ಲೇ ಚೀರತೊಡಗಿತು. ಮರಿ ಕಳೆದುಕೊಂಡ ಆನೆ ಹಾಗೆ ಕೂಗಬಹುದು. ಇಡೀ ಬಯಲಿಗೆ ಕೇಳಿತು, ಹಾಲಪ್ಪನೊಬ್ಬನನ್ನು ಬಿಟ್ಟು. ಎರಡೂ ಬದಿಯ ಜನ "ಗೇರು! ಗೇರು!" ಎಂದು ಬೊಬ್ಬೆಯಿಟ್ಟರು. ಹಾಲಪ್ಪ ಅದು ತನಗೆ ಸಿಗುತ್ತಿರುವ ಜೈಕಾರವೆಂದು ತಿಳಿದು, ಒಂದು ಕೈ ಸ್ಟಿಯರಿಂಗಿನಿಂದ ತೆಗೆದು ಗಂಭೀರವಾಗಿ ನಮಸ್ಕಾರ ಮಾಡಿದ. ಅಷ್ಟರಲ್ಲಿ ನಾವು ಅವನ ಪಕ್ಕದಿಂದ ಜಾರಿ ಮುಂದೆ ಹೋಗಿ ಗೆರೆ ದಾಟಿದ್ದೆವು.

ಇಪ್ಪತ್ತಮೂರು ಪಾಯಿಂಟ್ ಏಳು ಸೆಕೆಂಡು. ದೊರೆಸ್ವಾಮಿಯವರ ಗಡಿಯಾರವನ್ನು ಮೂರು ಜನ ಕಿತ್ತುಕೊಂಡು ನೋಡಿದರು. ಜುಲೇಖಾ ಕಾರಿನಿಂದಿಳಿದು ಬಾನೆಟ್ಟಿನ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಳು. ಬಿಸಿ ತಾಗಿ ತಟಕ್ಕನೆ ಎದ್ದು ನನ್ನನ್ನು ಅಪ್ಪಿಕೊಂಡಳು. ಅವಳ ಹಳೆಯ ಶಿಷ್ಯರು ಬಿಳಿ ಕೂದಲಿನವರೂ ಸೇರಿ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು.

ಸಾರಂಗ ಗೆರೆ ದಾಟಿ ಬುಸುಗುಡುತ್ತ ನಿಂತಿತು. ಮೋನಪ್ಪ ಇಳಿದು ಟವೆಲನ್ನು ಹಿಂಡುತ್ತ ನೆಲ ನೋಡುತ್ತಿದ್ದ. "ಅಣ್ಣಾ, ಇವರ ಶ್ರುತಿ ಕೇಳ್ತಾ ಕೇಳ್ತಾ ನಿನ್ನ ಮರೆತೇಬಿಟ್ಟೆ."

ಒಂಬತ್ತು ವರ್ಷದ ಗೆಲುವು. ಹಾಲಪ್ಪ ಇಳಿದು ಅವನ ಹತ್ತಿರ ಬಂದ. "ಜೋರಾಗಿ ಕಿರುಚಿತಾ ನನ್ನ ಗಾಡಿ?"

"ಜೋರಾಗಿ ಅಣ್ಣಾ."

"ಹೆಂಗೆ ಕಿರುಚಿತು, ಹೇಳು ನೋಡೋಣ."

ಮೋನಪ್ಪ ಕತ್ತೆತ್ತಿ, ಕಣ್ಣು ಮುಚ್ಚಿ, ಆ ಸ್ವರವನ್ನು ಹಾಗೇ ಎತ್ತಿ ಹಾಡಿದ. ಅದು ಏರಿತು, ಏರಿತು, ನಿಲ್ಲಲೇ ಇಲ್ಲ. ತನ್ನ ಕಾರಿನ ದನಿಯನ್ನು ಜನ್ಮದಲ್ಲಿ ಕೇಳದ ಹಾಲಪ್ಪ ಬಾಯಿ ತೆರೆದು ನಿಂತಿದ್ದ. "ಆಹಾ" ಎಂದ ಮೆಲ್ಲಗೆ. "ಇನ್ನೊಂದು ಸಲ ಹೇಳು."

ಮಧ್ಯಾಹ್ನ ಎರಡಾಯಿತು. ಉಳಿದ ಜೋಡಿಗಳು ಓಡುತ್ತಿದ್ದವು. ನಾವಿಬ್ಬರೂ ಮಯೂರದ ನೆರಳಿನಲ್ಲಿ ಕೂತಾಗ ಹಸಿವು ನೆನಪಾಯಿತು.

"ಡಬ್ಬಿ ತೆಗೀರಿ ಅಕ್ಕಾ" ಎಂದಳು ಜುಲೇಖಾ.

"ನೀನು ತಂದಿಲ್ವಾ?"

"ನೀವು ತರ್ತೀರಿ ಅಂತ ನಾನು ಒಲೆನೇ ಹಚ್ಚಲಿಲ್ಲ."

"ನೀನು ತರ್ತೀಯ ಅಂತ ನಾನೂ ಹಚ್ಚಲಿಲ್ಲ."

ಹಿಂದಿನ ಏಳು ವರ್ಷವೂ ಇಬ್ಬರೂ ತಮ್ಮತಮ್ಮ ಡಬ್ಬಿ ತರುತ್ತಿದ್ದೆವು, ಅವಳದ್ದರಲ್ಲಿ ನನಗೊಂದಿಷ್ಟು, ನನ್ನದರಲ್ಲಿ ಅವಳಿಗೊಂದಿಷ್ಟು. ಈ ಸಲ ಎರಡು ಬರಿಗೈ. 

ಹಾಲಪ್ಪ ತನ್ನ ಕಾರಿನ ಕಡೆಯಿಂದ ನಡೆದು ಬಂದ.  ಕೈಯಲ್ಲಿದ್ದ ಬಟ್ಟೆಯ ಗಂಟನ್ನು ನಮ್ಮಿಬ್ಬರ ನಡುವೆ ಇಟ್ಟು ಬಿಚ್ಚಿದ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಈರುಳ್ಳಿ. ಜೊತೆಯಲ್ಲಿದ್ದ ಎರಡು ತಟ್ಟೆಗಳಲ್ಲಿ ಒಂದನ್ನು ಪಂಚೆಯ ಅಂಚಿನಿಂದ ಒರೆಸಿ, ನಮ್ಮಿಬ್ಬರಿಗೂ ಸೇರಿ ಅದೊಂದನ್ನೇ ಮುಂದಿಟ್ಟ. ಇನ್ನೊಂದನ್ನು ಕಂಕುಳಲ್ಲಿ ಇರುಕಿಕೊಂಡು ವಾಪಸು ಹೋದ.